ರಾಡಾರ್ ಪರದೆಯ ಮೇಲೆ ಸುಂಟರಗಾಳಿಯ ಜಾಡು ಹಿಡಿಯುವ ಬಗೆ

ಹವಾಮಾನ ರಾಡಾರ್ ಸುಂಟರಗಾಳಿಯನ್ನು ತೋರಿಸುವುದಿಲ್ಲ. ಸುಂಟರಗಾಳಿಯನ್ನು ಹುಟ್ಟಿಸಬಲ್ಲ ಗುಡುಗುಮೋಡವನ್ನು ತೋರಿಸುತ್ತದೆ. ಅದನ್ನೂ ನೆಲದಿಂದ ಸಾಕಷ್ಟು ಎತ್ತರದಲ್ಲಿ, ಕೆಲವು ನಿಮಿಷಗಳ ಹಿಂದೆ ಹೇಗಿತ್ತೋ ಹಾಗೆ ತೋರಿಸುತ್ತದೆ. ಫೋನಿನಲ್ಲಿ ರಾಡಾರ್ ಆ್ಯಪ್ ತೆರೆದು, ಕೆಂಪು ಬಣ್ಣ ಮನೆಯ ಮೇಲಿದೆಯೋ ಇಲ್ಲವೋ ಎಂದಷ್ಟೇ ನೋಡಿ ನಿರಾಳರಾಗುವವರು ಈ ಮೂರು ಸಂಗತಿಗಳಲ್ಲಿ ಒಂದನ್ನಾದರೂ ಮರೆತಿರುತ್ತಾರೆ. ಚಿತ್ರವನ್ನು ಯಾವ ಕ್ರಮದಲ್ಲಿ ಓದಬೇಕು, ಯಾವ ಹಂತದಲ್ಲಿ ಓದುವುದನ್ನು ಬಿಟ್ಟು ಏಳಬೇಕು ಎಂಬುದನ್ನು ಹೇಳುವುದು ಈ ಲೇಖನದ ಉದ್ದೇಶ.

ಇಲ್ಲಿನ ವಿವರಣೆಗೆ ಅಮೆರಿಕದ ನೆಕ್ಸ್‌ರ್ಯಾಡ್ ಜಾಲವನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಜಗತ್ತಿನಲ್ಲಿ ಅತಿ ಹೆಚ್ಚು ಸುಂಟರಗಾಳಿಗಳು ಏಳುವುದು ಆ ದೇಶದಲ್ಲಿ, ಮತ್ತು ಗಾಳಿಯ ಚಲನೆಯನ್ನೂ ಅಳೆಯಬಲ್ಲ ಅಲ್ಲಿನ ಸುಮಾರು 160 ಡಾಪ್ಲರ್ ರಾಡಾರ್‌ಗಳ ದತ್ತಾಂಶ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣದಲ್ಲೇ ಅದನ್ನು ನೋಡಬಹುದು; ರಾಡಾರ್‌ಸ್ಕೋಪ್‌ನಂತಹ ಹಣ ಕೊಟ್ಟು ಪಡೆಯುವ ಆ್ಯಪ್‌ಗಳು ಅದೇ ದತ್ತಾಂಶವನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿ ತೋರಿಸುತ್ತವೆ. ಕಲಿಯುವ ಮನಸ್ಸಿರುವವರಿಗೆ ಆ ಖರ್ಚು ದಂಡವಲ್ಲ ಎಂಬುದು ನನ್ನ ಅಭಿಪ್ರಾಯ. ದಿಕ್ಕುಗಳ ಬಗ್ಗೆ ಮುಂದೆ ಹೇಳುವ ಮಾತುಗಳೆಲ್ಲ ಉತ್ತರಾರ್ಧ ಗೋಳಕ್ಕೆ ಅನ್ವಯಿಸುತ್ತವೆ; ದಕ್ಷಿಣಾರ್ಧದಲ್ಲಿ ತಿರುಗುವಿಕೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ.

ಮೊದಲು ಕೇಂದ್ರ, ಆಮೇಲೆ ಗಡಿಯಾರ

ಸುದ್ದಿವಾಹಿನಿಗಳಲ್ಲೂ ಸಾಮಾನ್ಯ ಹವಾಮಾನ ಆ್ಯಪ್‌ಗಳಲ್ಲೂ ಕಾಣುವುದು ಹಲವು ರಾಡಾರ್‌ಗಳ ಚಿತ್ರಗಳನ್ನು ಹೊಲಿದು ಮಾಡಿದ ಒಟ್ಟು ನಕ್ಷೆ. ಮಳೆ ಬರುತ್ತದೆಯೋ ಇಲ್ಲವೋ ಎಂದು ತಿಳಿಯಲು ಅದು ಸಾಕು, ಸುಂಟರಗಾಳಿಯ ಜಾಡು ಹಿಡಿಯಲು ಸಾಲದು. ಆದ್ದರಿಂದ ಮೊದಲ ಕೆಲಸವೆಂದರೆ ನಿಮಗೆ ಅತ್ಯಂತ ಹತ್ತಿರದ ಒಂದೇ ರಾಡಾರ್ ಕೇಂದ್ರವನ್ನು ಆರಿಸಿಕೊಳ್ಳುವುದು. ಪ್ರತಿ ಕೇಂದ್ರಕ್ಕೂ ನಾಲ್ಕಕ್ಷರದ ಸಂಕೇತವಿರುತ್ತದೆ; ಉದಾಹರಣೆಗೆ ಒಕ್ಲಹೋಮ ಸಿಟಿಯ ಕೇಂದ್ರ ಕೆಟಿಎಲ್‌ಎಕ್ಸ್. ಪಕ್ಕದ ಎರಡನೆಯ ಕೇಂದ್ರದ ಸಂಕೇತವನ್ನೂ ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಸಿಡಿಲು ಬಡಿದೋ ವಿದ್ಯುತ್ ಹೋಗಿಯೋ ಒಂದು ಕೇಂದ್ರ ಸುಮ್ಮನಾಗುವುದು ಸಾಮಾನ್ಯವಾಗಿ ಬಿರುಮಳೆಯ ದಿನವೇ.

ಹತ್ತಿರದ ಕೇಂದ್ರವೇ ಏಕೆ ಬೇಕು ಎಂಬುದು ಸರಳ ಜ್ಯಾಮಿತಿ. ರಾಡಾರ್‌ನ ಅತ್ಯಂತ ಕೆಳಗಿನ ಕಿರಣವೂ ಸಾಮಾನ್ಯವಾಗಿ ಅರ್ಧ ಡಿಗ್ರಿಯಷ್ಟು ಮೇಲ್ಮುಖವಾಗಿರುತ್ತದೆ, ಅದು ಮುಂದೆ ಸಾಗಿದಂತೆ ಭೂಮಿ ಬಾಗುತ್ತಾ ಕೆಳಗಿಳಿಯುತ್ತದೆ. ಹೀಗಾಗಿ ಕೇಂದ್ರದಿಂದ 50 ಕಿ.ಮೀ. ದೂರದಲ್ಲಿ ಕಿರಣದ ನಡುಭಾಗ ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುತ್ತದೆ, 100 ಕಿ.ಮೀ. ದೂರದಲ್ಲಿ ಸುಮಾರು ಒಂದೂವರೆ ಕಿ.ಮೀ., 200 ಕಿ.ಮೀ. ದೂರದಲ್ಲಿ 4 ಕಿ.ಮೀ.ಗೂ ಹೆಚ್ಚು. ಕಿರಣ ಮೇಲೇರುವುದರ ಜೊತೆಗೆ ಅಗಲವೂ ಆಗುತ್ತದೆ: ಸುಮಾರು ಒಂದು ಡಿಗ್ರಿ ಅಗಲದ ಕಿರಣ 100 ಕಿ.ಮೀ. ದೂರದಲ್ಲಿ 1.7 ಕಿ.ಮೀ. ಹರಡಿಕೊಂಡಿರುತ್ತದೆ. ಬಹುಪಾಲು ಸುಂಟರಗಾಳಿಗಳ ಅಗಲ ಕೆಲವು ನೂರು ಮೀಟರ್‌ಗಳನ್ನು ಮೀರುವುದಿಲ್ಲ. ಅಷ್ಟು ದಪ್ಪದ ಕುಂಚದಿಂದ ಅಷ್ಟು ಸಣ್ಣ ಗೆರೆ ಎಳೆಯಲಾಗುವುದಿಲ್ಲ. ಆದ್ದರಿಂದ ದೂರದ ಕೇಂದ್ರದ ಪರದೆಯಲ್ಲಿ ಏನೂ ಕಾಣಲಿಲ್ಲವೆಂದರೆ, ಅಲ್ಲಿ ಏನೂ ಇಲ್ಲ ಎಂದು ಅರ್ಥವಲ್ಲ.

ಎರಡನೆಯ ಕೆಲಸ ಚಿತ್ರದ ವೇಳೆಯನ್ನು ಓದುವುದು. ರಾಡಾರ್ ಚಿತ್ರಗಳ ಮೂಲೆಯಲ್ಲಿ ಬರೆದಿರುವ ಸಮಯ ಅನೇಕ ಕಡೆ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಇರುತ್ತದೆ, ಕೊನೆಯಲ್ಲಿ ಝಡ್ ಅಕ್ಷರವಿರುತ್ತದೆ. ಬೇಸಿಗೆಯಲ್ಲಿ ಒಕ್ಲಹೋಮದ ಗಡಿಯಾರ ಯುಟಿಸಿಗಿಂತ 5 ಗಂಟೆ ಹಿಂದಿರುವುದರಿಂದ, ಮೇ 21ರ 00:42ಝಡ್ ಎಂದರೆ ಅಲ್ಲಿ ಮೇ 20ರ ಸಂಜೆ 7:42. ತಾರೀಖೇ ಬದಲಾಗಿರುವುದನ್ನು ಕಂಡು ಹಳೆಯ ಚಿತ್ರವೆಂದೋ ಹೊಸ ಚಿತ್ರವೆಂದೋ ಗೊಂದಲಕ್ಕೆ ಬೀಳುವವರು ಕಡಿಮೆಯಿಲ್ಲ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸ್ಥಳೀಯ ಸಮಯವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಮೋಡವಿಲ್ಲದ ದಿನವೇ ಅದನ್ನು ಸರಿಪಡಿಸಿಡಿ.

ಒಂದು ರಾಡಾರ್ ಕಿರಣವನ್ನು ಹಂತಹಂತವಾಗಿ ಮೇಲೆತ್ತುತ್ತಾ ತನ್ನ ಎಲ್ಲಾ ಕೋನಗಳನ್ನೂ ಸುತ್ತಿ ಮುಗಿಸಲು ಬಿರುಮಳೆಯ ಹೊತ್ತಿನಲ್ಲಿ ನಾಲ್ಕೂವರೆಯಿಂದ ಆರು ನಿಮಿಷ ಬೇಕು. ಅಪಾಯದ ದಿನಗಳಲ್ಲಿ ಕೆಳಗಿನ ಕೋನವನ್ನಷ್ಟೇ ನಡುನಡುವೆ ಮತ್ತೆ ಸುತ್ತುವ ವ್ಯವಸ್ಥೆ ಇರುವುದರಿಂದ ಅದು ಇನ್ನೂ ಬೇಗ ಸಿಗಬಹುದು. ಒಟ್ಟು ನಕ್ಷೆಯ ಕಥೆ ಬೇರೆ. ವಿಮಾನದ ಕಾಕ್‌ಪಿಟ್‌ಗಳಲ್ಲಿ ತೋರಿಸುವ ಅಂತಹ ನಕ್ಷೆಗಳಲ್ಲಿ ಮಾಹಿತಿಯ ನಿಜವಾದ ವಯಸ್ಸು ಪರದೆ ಹೇಳುವುದಕ್ಕಿಂತ 15ರಿಂದ 20 ನಿಮಿಷ ಹೆಚ್ಚಿರಬಹುದು ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಪೈಲಟ್‌ಗಳನ್ನು ಎಚ್ಚರಿಸಿತ್ತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುವ ಗುಡುಗುಮೋಡ 15 ನಿಮಿಷದಲ್ಲಿ 20 ಕಿ.ಮೀ. ದಾಟಿರುತ್ತದೆ.

ಮಳೆಯ ಚಿತ್ರದಲ್ಲಿ ಆಕಾರವನ್ನು ಹುಡುಕುವುದು

ಎಲ್ಲರಿಗೂ ಪರಿಚಿತವಾದ ಹಸಿರು, ಹಳದಿ, ಕೆಂಪು ಬಣ್ಣದ ಚಿತ್ರದ ಹೆಸರು ರಿಫ್ಲೆಕ್ಟಿವಿಟಿ. ರಾಡಾರ್ ಕಳಿಸಿದ ಅಲೆ ಮಳೆಹನಿ, ಆಲಿಕಲ್ಲುಗಳಿಗೆ ಬಡಿದು ಎಷ್ಟು ಪ್ರಬಲವಾಗಿ ಹಿಂದಿರುಗಿತು ಎಂಬುದರ ಅಳತೆ ಅದು; ಅದರ ಮಾನ ಡಿಬಿಝಡ್. ಈ ಮಾನದಲ್ಲಿ 10 ಹೆಚ್ಚಾದರೆ ಹಿಂದಿರುಗುವ ಶಕ್ತಿ ಹತ್ತು ಪಟ್ಟಾಗುತ್ತದೆ. 20ರ ಆಸುಪಾಸು ತುಂತುರು, 40ಕ್ಕೆ ಒಳ್ಳೆಯ ಮಳೆ, 50 ದಾಟಿದರೆ ಜಡಿಮಳೆ, 60 ದಾಟಿದರೆ ಆಲಿಕಲ್ಲು ಇರುವ ಸಂಭವ ಹೆಚ್ಚು. ಕಾಂಪೋಸಿಟ್ ಎಂಬ ಆಯ್ಕೆ ಎಲ್ಲಾ ಎತ್ತರಗಳ ಗರಿಷ್ಠ ಬೆಲೆಯನ್ನು ಒಂದರ ಮೇಲೊಂದು ಹೇರಿ ತೋರಿಸುವುದರಿಂದ ಕೆಳಮಟ್ಟದ ಸೂಕ್ಷ್ಮ ಆಕಾರಗಳನ್ನು ಮುಚ್ಚಿಬಿಡುತ್ತದೆ. ನಮಗೆ ಬೇಕಾದದ್ದು ಅತ್ಯಂತ ಕೆಳಗಿನ ಕೋನದ ಬೇಸ್ ರಿಫ್ಲೆಕ್ಟಿವಿಟಿ.

ಇಲ್ಲಿ ಬಣ್ಣಕ್ಕಿಂತ ಆಕಾರ ಮುಖ್ಯ. ಒಂಟಿಯಾಗಿ ನಿಂತು, ತನ್ನೊಳಗೇ ತಿರುಗುತ್ತಾ, ಗಂಟೆಗಟ್ಟಲೆ ಬದುಕುವ ಗುಡುಗುಮೋಡಕ್ಕೆ ಸೂಪರ್‌ಸೆಲ್ ಎನ್ನುತ್ತಾರೆ. ಅತ್ಯಂತ ಭೀಕರ ಸುಂಟರಗಾಳಿಗಳಲ್ಲಿ ಹೆಚ್ಚಿನವು ಹುಟ್ಟುವುದು ಇದರಿಂದಲೇ. ಈಶಾನ್ಯದತ್ತ ಸಾಗುವ ಸೂಪರ್‌ಸೆಲ್‌ನ ನೈಋತ್ಯ ಮೂಲೆಯಲ್ಲಿ ಮಳೆಯ ಒಂದು ಬಾಲ ಹೊರಚಾಚಿ, ಬಳಿಕ ಒಳಕ್ಕೆ ಸುತ್ತಿಕೊಂಡು ಕೊಕ್ಕೆಯಂತೆ ಕಾಣುತ್ತದೆ. ತಿರುಗುವ ಗಾಳಿ ಮಳೆಯನ್ನು ತನ್ನ ಸುತ್ತ ಎಳೆದುಕೊಳ್ಳುವುದರಿಂದ ಆಗುವ ಆಕಾರ ಅದು. ಕೊಕ್ಕೆಯ ಮುಂದೆ ಮಳೆಯಿಲ್ಲದ ಒಂದು ಕಚ್ಚು ಇರುತ್ತದೆ. ಬೆಚ್ಚಗಿನ ತೇವದ ಗಾಳಿ ಮೋಡದೊಳಕ್ಕೆ ನುಗ್ಗುವ ಬಾಗಿಲು ಅದೇ. ಇಂತಹ ಕೊಕ್ಕೆಯನ್ನು ಸುಂಟರಗಾಳಿಯೊಂದಿಗೆ ಮೊದಲ ಬಾರಿಗೆ ದಾಖಲಿಸಿದ್ದು 1953ರ ಏಪ್ರಿಲ್ 9ರಂದು, ಇಲಿನಾಯ್ ರಾಜ್ಯದ ಶಾಂಪೇನ್‌ನಲ್ಲಿ. ಅಲ್ಲಿನ ಜಲ ಸಮೀಕ್ಷಾ ಸಂಸ್ಥೆ ಮಳೆಯ ಪ್ರಮಾಣ ಅಳೆಯುವುದಕ್ಕಾಗಿ ಬಳಸುತ್ತಿದ್ದ ರಾಡಾರ್ ಅದು. ಮಳೆ ಅಳೆಯಲು ಹೊರಟವರ ಪರದೆಯಲ್ಲಿ ಸುಂಟರಗಾಳಿಯ ಗುರುತು ಮೂಡಿತು.

ಈ ರಚನೆಯನ್ನು ನೆಲದ ಮೇಲೆ ನಿಂತವರ ಅನುಭವವಾಗಿ ಊಹಿಸಿಕೊಳ್ಳುವುದು ಉಪಯುಕ್ತ. ಕೊಕ್ಕೆಯ ಹಾದಿಯಲ್ಲಿರುವ ಮನೆಯ ಮೇಲೆ ಅನೇಕ ವೇಳೆ ಮೊದಲು ಜಡಿಮಳೆ, ಆಮೇಲೆ ಆಲಿಕಲ್ಲು ಸುರಿಯುತ್ತದೆ. ನಂತರ ಮಳೆ ಒಮ್ಮೆಲೇ ನಿಂತು, ಗಾಳಿಯೂ ತಗ್ಗಿ, ಆಕಾಶದ ಒಂದು ಮಗ್ಗುಲು ಬೆಳಕಾಗಬಹುದು. ಎಲ್ಲಾ ಮುಗಿಯಿತೆಂದು ಹೊರಗೆ ಬಂದು ಕಾರಿನ ಗಾಜು ಒಡೆದಿದೆಯೇ ಎಂದು ನೋಡುವ ಹೊತ್ತು ಅದು. ಪರದೆಯ ಮೇಲೆ ಆಗ ನೀವಿರುವುದು ಆ ಮಳೆಯಿಲ್ಲದ ಕಚ್ಚಿನಲ್ಲಿ. ಕೊಕ್ಕೆ ಇನ್ನೂ ನಿಮ್ಮ ಹಿಂದೆ ಬರುತ್ತಿದೆ.

ಕೊಕ್ಕೆ ಕಾಣದ ಸುಂಟರಗಾಳಿಗಳೂ ಧಾರಾಳವಾಗಿವೆ. ಮಳೆ ಹೆಚ್ಚಿದ್ದರೆ ಕೊಕ್ಕೆ ತುಂಬಿಕೊಂಡು ಹುರುಳಿಬೀಜದಂತೆ ಉಬ್ಬಿದ ಆಕಾರವಷ್ಟೇ ಉಳಿಯುತ್ತದೆ. ಸಾಲುಗಟ್ಟಿ ಬರುವ ಗುಡುಗುಮೋಡಗಳಲ್ಲಿ ಹುಡುಕಬೇಕಾದದ್ದು ಬಿಲ್ಲಿನ ಆಕಾರ: ಸಾಲಿನ ನಡುಭಾಗ ಮುಂದಕ್ಕೆ ಉಬ್ಬಿದ್ದರೆ ಹಿಂದಿನಿಂದ ನುಗ್ಗುತ್ತಿರುವ ಗಾಳಿ ಅದನ್ನು ತಳ್ಳುತ್ತಿದೆ ಎಂದು ತಿಳಿಯಬೇಕು. 2020ರ ಆಗಸ್ಟ್ 10ರಂದು ಅಯೋವಾ ರಾಜ್ಯವನ್ನು ಸೀಳಿಕೊಂಡು ಹೋದ ಇಂತಹ ಸಾಲಿನಲ್ಲಿ ಸೀಡರ್ ರ್ಯಾಪಿಡ್ಸ್ ಬಳಿ ಗಾಳಿಯ ವೇಗ ಗಂಟೆಗೆ ಸುಮಾರು 225 ಕಿ.ಮೀ. ಮುಟ್ಟಿತ್ತೆಂದು ಅಂದಾಜು. ಅದು ಸುಂಟರಗಾಳಿಯಲ್ಲ, ನೇರ ಗಾಳಿ. ಆದರೆ ಛಾವಣಿ ಹಾರಿಹೋದವರಿಗೆ ಈ ವ್ಯತ್ಯಾಸದಿಂದ ಹೆಚ್ಚಿನ ಸಮಾಧಾನ ಸಿಗುವುದಿಲ್ಲ. ಇಂತಹ ಸಾಲುಗಳ ಮುಂಭಾಗದಲ್ಲಿ ಸಣ್ಣ ಸುಂಟರಗಾಳಿಗಳು ಎರಡು ಸ್ಕ್ಯಾನ್‌ಗಳ ನಡುವೆಯೇ ಹುಟ್ಟಿ ಅಡಗುವುದೂ ಉಂಟು.

ಗಾಳಿಯ ಚಿತ್ರ: ಇಲ್ಲಿ ನಿಧಾನವಾಗಿ ಓದಬೇಕು

ಮೂರನೆಯ ಮತ್ತು ಅತ್ಯಂತ ಮುಖ್ಯವಾದ ಹೆಜ್ಜೆ ವೆಲಾಸಿಟಿ ಚಿತ್ರಕ್ಕೆ ಬದಲಾಯಿಸುವುದು. ಹಿಂದಿರುಗಿದ ಅಲೆಯಲ್ಲಿನ ಬದಲಾವಣೆಯಿಂದ ಹನಿಗಳು ರಾಡಾರ್‌ನತ್ತ ಬರುತ್ತಿವೆಯೋ ಅದರಿಂದ ದೂರ ಹೋಗುತ್ತಿವೆಯೋ ಎಂದು ಯಂತ್ರ ಲೆಕ್ಕ ಹಾಕುತ್ತದೆ. ರೂಢಿಯಂತೆ ಹಸಿರು ಎಂದರೆ ರಾಡಾರ್‌ನತ್ತ ಬರುವ ಗಾಳಿ, ಕೆಂಪು ಎಂದರೆ ದೂರ ಸರಿಯುವ ಗಾಳಿ. ಇಲ್ಲಿ ಕೆಂಪು ಬಣ್ಣ ಅಪಾಯದ ಸಂಕೇತವಲ್ಲ, ಬರೀ ದಿಕ್ಕಿನ ಸಂಕೇತ. ಕಿರಣಕ್ಕೆ ಅಡ್ಡಲಾಗಿ ಬೀಸುವ ಗಾಳಿ ಎಷ್ಟೇ ಜೋರಾಗಿದ್ದರೂ ರಾಡಾರ್‌ಗೆ ಅದು ಸೊನ್ನೆ. ಅಂತಹ ಕಡೆ ಬೂದು ಬಣ್ಣ ಕಂಡರೆ ಗಾಳಿಯಿಲ್ಲ ಎಂದು ತಿಳಿಯಬಾರದು.

ಈ ಕಾರಣದಿಂದಲೇ, ವೆಲಾಸಿಟಿ ಚಿತ್ರವನ್ನು ನೋಡುವ ಮೊದಲು ರಾಡಾರ್ ಕೇಂದ್ರ ನಕ್ಷೆಯಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ಗುರುತಿಸಿಕೊಳ್ಳಬೇಕು. ನೀವು ಆ ಕೇಂದ್ರದಲ್ಲಿ ನಿಂತು ಮೋಡದತ್ತ ಮುಖ ಮಾಡಿದ್ದೀರಿ ಎಂದುಕೊಳ್ಳಿ. ಕೊಕ್ಕೆಯ ತುದಿ ಇರುವ ಜಾಗದಲ್ಲಿ ನಿಮ್ಮ ಎಡಕ್ಕೆ ಗಾಢ ಹಸಿರು, ಅದಕ್ಕೆ ಅಂಟಿಕೊಂಡಂತೆ ಬಲಕ್ಕೆ ಗಾಢ ಕೆಂಪು, ಎರಡೂ ಕೇಂದ್ರದಿಂದ ಒಂದೇ ದೂರದಲ್ಲಿ ಇದ್ದರೆ, ಅಲ್ಲಿ ಗಾಳಿ ಅಪ್ರದಕ್ಷಿಣವಾಗಿ ತಿರುಗುತ್ತಿದೆ. ಈ ಜೋಡಿಯನ್ನೇ ಕಪ್ಲೆಟ್ ಎನ್ನುತ್ತಾರೆ. ಬಣ್ಣಗಳು ಅಕ್ಕಪಕ್ಕದಲ್ಲಿರದೆ ಒಂದರ ಹಿಂದೆ ಒಂದಿದ್ದರೆ ಅದು ತಿರುಗುವಿಕೆಯಲ್ಲ: ಕೇಂದ್ರಕ್ಕೆ ಹತ್ತಿರದಲ್ಲಿ ಹಸಿರು, ಅದರಾಚೆ ಕೆಂಪು ಇದ್ದರೆ ಗಾಳಿ ನೆಲಕ್ಕೆ ಬಡಿದು ಎರಡೂ ಕಡೆ ಚೆಲ್ಲುತ್ತಿರಬಹುದು, ಕ್ರಮ ತಿರುವುಮುರುವಾಗಿದ್ದರೆ ಗಾಳಿಗಳು ಎದುರುಬದುರಾಗಿ ಕೂಡುತ್ತಿವೆ.

ಕಪ್ಲೆಟ್ ಎಷ್ಟು ಗಟ್ಟಿ ಎಂದು ಅಳೆಯಲು ಎರಡೂ ಬಣ್ಣಗಳ ಗರಿಷ್ಠ ಬೆಲೆಗಳನ್ನು ಕೂಡಿಸಿ. ಒಂದು ಕಡೆ 45 ನಾಟ್ ಒಳಕ್ಕೆ, ಪಕ್ಕದಲ್ಲೇ 50 ನಾಟ್ ಹೊರಕ್ಕೆ ಇದ್ದರೆ ವ್ಯತ್ಯಾಸ 95 ನಾಟ್, ಅಂದರೆ ಗಂಟೆಗೆ ಸುಮಾರು 175 ಕಿ.ಮೀ. ಇದೇ ವ್ಯತ್ಯಾಸ 8 ಕಿ.ಮೀ. ಅಗಲದಲ್ಲಿ ಹರಡಿದ್ದರೆ ಅದು ಮೋಡದೊಳಗಿನ ದೊಡ್ಡ ಸುಳಿ. ಪಕ್ಕಪಕ್ಕದ ಎರಡು ಕಿರಣಗಳಲ್ಲೇ ಇದ್ದರೆ ಸಂಗತಿ ಗಂಭೀರ. 1973ರ ಮೇ 24ರಂದು ಒಕ್ಲಹೋಮದ ಯೂನಿಯನ್ ಸಿಟಿಗೆ ಬಡಿದ ಸುಂಟರಗಾಳಿಯನ್ನು ಅದೇ ರಾಜ್ಯದ ನಾರ್ಮನ್‌ನ ಸಂಶೋಧಕರು ಡಾಪ್ಲರ್ ರಾಡಾರ್‌ನಲ್ಲಿ ಹಿಂಬಾಲಿಸಿದಾಗ ಗುರುತಿಸಿದ್ದು ಈ ಬಿಗಿಯಾದ ಗುರುತನ್ನೇ. ಅದು ಮೊದಲು ಮೇಲೆ, ಮೋಡದ ನಡುವಿನಲ್ಲಿ ಕಾಣಿಸಿಕೊಂಡು, ನಂತರ ನೆಲದತ್ತ ಇಳಿದಿತ್ತು. ನೆಕ್ಸ್‌ರ್ಯಾಡ್ ಜಾಲ ಕಟ್ಟುವುದಕ್ಕೆ ಇಂತಹ ಅಧ್ಯಯನಗಳೇ ಬುನಾದಿಯಾದವು. ಒಂದೇ ಚಿತ್ರದಲ್ಲಿ ಕಪ್ಲೆಟ್ ಕಂಡು ಮರುಚಿತ್ರದಲ್ಲಿ ಮಾಯವಾದರೆ ಕಾದು ನೋಡಬಹುದು; ಚಿತ್ರದಿಂದ ಚಿತ್ರಕ್ಕೆ ಅದು ಕಿರಿದಾಗುತ್ತಾ ಬಣ್ಣ ಗಾಢವಾಗುತ್ತಾ ಹೋದರೆ ಕಾಯಬಾರದು.

ವೇಗವಾಗಿ ಓಡುವ ಮೋಡದಲ್ಲಿ ಇನ್ನೊಂದು ತೊಡಕಿದೆ. ಇಡೀ ಮೋಡವೇ ರಾಡಾರ್‌ನಿಂದ ದೂರ ಓಡುತ್ತಿದ್ದರೆ ಚಿತ್ರವೆಲ್ಲ ಕೆಂಪಾಗಿ, ಒಳಗಿನ ಸುಳಿಯ ಹಸಿರು ಮುಳುಗಿಹೋಗುತ್ತದೆ. ಆಗ ಮೋಡದ ಓಟವನ್ನು ಕಳೆದು ತೋರಿಸುವ ಸ್ಟಾರ್ಮ್ ರಿಲೇಟಿವ್ ವೆಲಾಸಿಟಿ ಎಂಬ ಆಯ್ಕೆಯನ್ನು ಬಳಸಬೇಕು. ನೇರ ಗಾಳಿಯ ಹೊಡೆತವನ್ನು ಅಂದಾಜು ಮಾಡಲು ಮಾತ್ರ ಬೇಸ್ ವೆಲಾಸಿಟಿಯೇ ಸರಿ. ಪರದೆಯಲ್ಲಿ ನೇರಳೆ ಬಣ್ಣದ ಪಟ್ಟೆ ಕಂಡರೆ, ಅಲ್ಲಿಂದ ಬಂದ ಅಲೆ ಎಷ್ಟು ದೂರದ್ದೆಂದು ಯಂತ್ರಕ್ಕೇ ತಿಳಿದಿಲ್ಲ ಎಂದರ್ಥ. ಪಕ್ಕದ ಕೇಂದ್ರವನ್ನು ನೋಡಿ.

ಅವಶೇಷಗಳ ಗುರುತು

2013ರ ವೇಳೆಗೆ ನೆಕ್ಸ್‌ರ್ಯಾಡ್ ಕೇಂದ್ರಗಳೆಲ್ಲ ಅಡ್ಡಡ್ಡ ಮತ್ತು ಲಂಬ ಎರಡೂ ಬಗೆಯ ಅಲೆಗಳನ್ನು ಕಳಿಸುವಂತಾದವು. ಇದರಿಂದ ದಕ್ಕಿದ ಅತ್ಯುಪಯುಕ್ತ ಚಿತ್ರ ಕೋರಿಲೇಶನ್ ಕೋಎಫಿಶಿಯೆಂಟ್, ಚುಟುಕಾಗಿ ಸಿಸಿ. ಕಿರಣದೊಳಗಿನ ವಸ್ತುಗಳೆಲ್ಲ ಒಂದೇ ತರಹ ಇದ್ದರೆ ಅದರ ಬೆಲೆ 1ಕ್ಕೆ ಹತ್ತಿರ. ಬರೀ ಮಳೆಯಿದ್ದರೆ 0.97ಕ್ಕಿಂತ ಮೇಲೆಯೇ ಇರುತ್ತದೆ. ಹಲಗೆ, ತಗಡು, ಎಲೆ, ಗೋಡೆಯ ಚೂರುಗಳು ಅಡ್ಡಾದಿಡ್ಡಿ ತಿರುಗುತ್ತಾ ಹಾರಿದರೆ ಸಿಸಿ 0.80ಕ್ಕಿಂತ ಕೆಳಗೆ ಕುಸಿಯುತ್ತದೆ.

ಕಡಿಮೆ ಸಿಸಿ ಒಂದನ್ನೇ ನಂಬಬಾರದು. ಹಕ್ಕಿಗಳ ಹಿಂಡು, ಕೀಟಗಳು, ದೊಡ್ಡ ಆಲಿಕಲ್ಲು ಬೆರೆತ ಮಳೆ ಇವೆಲ್ಲ ಅದನ್ನು ಇಳಿಸುತ್ತವೆ. ಮೂರು ಸಂಗತಿ ಒಂದೇ ಜಾಗದಲ್ಲಿ ಕೂಡಿಬರಬೇಕು: ಬಿಗಿಯಾದ ಕಪ್ಲೆಟ್, ಅದೇ ಜಾಗದಲ್ಲಿ ಸಾಕಷ್ಟು ಪ್ರಬಲ ರಿಫ್ಲೆಕ್ಟಿವಿಟಿ, ಅದರೊಳಗೆ ಸಿಸಿಯ ಒಂದು ಕುಳಿ. ಮೂರೂ ಕೂಡಿದರೆ ಸುಂಟರಗಾಳಿ ನೆಲ ಮುಟ್ಟಿ ಏನನ್ನೋ ಒಡೆದು ಮೇಲಕ್ಕೆತ್ತಿದೆ ಎಂಬುದು ಬಹುತೇಕ ಖಚಿತ, ರಾತ್ರಿಯ ಕತ್ತಲಲ್ಲೂ, ಮಳೆಯ ಪರದೆಯ ಹಿಂದೆಯೂ. ಆದರೆ ಚೂರುಗಳು ಕಿರಣದ ಎತ್ತರಕ್ಕೆ ಏರಲು ಸಮಯ ಬೇಕು. ಹೀಗಾಗಿ ಇದು ಮುನ್ಸೂಚನೆಯಲ್ಲ, ಆಗಿಹೋದದ್ದರ ವರದಿ. ನಿಮ್ಮ ಊರಿನ ಮೇಲೆ ಈ ಗುರುತು ಕಾಣಲೆಂದು ಕಾದವರಿಗೆ ಅದು ತಮ್ಮದೇ ಮನೆಯ ಚೂರಿನಿಂದ ಮೂಡಿರಬಹುದು.

ಯಾವಾಗ ತಲುಪುತ್ತದೆ ಎಂಬ ಲೆಕ್ಕ

ಕೊಕ್ಕೆಯ ತುದಿಯನ್ನೋ ಕಪ್ಲೆಟ್ಟಿನ ನಡುವನ್ನೋ ಎರಡು ಚಿತ್ರಗಳಲ್ಲಿ ಗುರುತು ಮಾಡಿ. 7:42ರ ಚಿತ್ರದಿಂದ 7:52ರ ಚಿತ್ರಕ್ಕೆ ಅದು 12 ಕಿ.ಮೀ. ಸರಿದಿದ್ದರೆ ವೇಗ ಗಂಟೆಗೆ 72 ಕಿ.ಮೀ. 7:52ರಲ್ಲಿ ಅದು ನಿಮ್ಮಿಂದ 24 ಕಿ.ಮೀ. ದೂರದಲ್ಲಿದ್ದರೆ 20 ನಿಮಿಷದ ಹಾದಿ, ಅಂದರೆ 8:12. ಈಗ ಗೋಡೆಯ ಗಡಿಯಾರ ನೋಡಿ: ಅದು 7:56 ಎನ್ನುತ್ತಿದ್ದರೆ ನಿಮಗೆ ಉಳಿದಿರುವುದು 16 ನಿಮಿಷ, 20 ಅಲ್ಲ. ಅದರ ಮುಂದಿನ ಆಲಿಕಲ್ಲು ಇನ್ನೂ ಮುಂಚೆಯೇ ಬರುತ್ತದೆ.

ಈ ಲೆಕ್ಕ ಮೋಡ ನೇರವಾಗಿ ಚಲಿಸುತ್ತದೆ ಎಂದು ನಂಬಿದೆ, ಮೋಡಕ್ಕೆ ಆ ನಿಯಮವಿಲ್ಲ. ಸುತ್ತಲಿನ ಮೋಡಗಳು ಈಶಾನ್ಯಕ್ಕೆ ಓಡುತ್ತಿರುವಾಗ ಒಂದು ಮಾತ್ರ ನಿಧಾನಿಸಿ ಬಲಕ್ಕೆ ಹೊರಳಿದರೆ ಅದರ ಮೇಲೆ ವಿಶೇಷ ಕಣ್ಣಿಡಬೇಕು. ಬಲವಾದ ಸೂಪರ್‌ಸೆಲ್‌ನ ಲಕ್ಷಣ ಅದು. 2013ರ ಮೇ 31ರಂದು ಒಕ್ಲಹೋಮದ ಎಲ್ ರೀನೊ ಬಳಿ ಎದ್ದ ಸುಂಟರಗಾಳಿ ಕೆಲವೇ ನಿಮಿಷಗಳಲ್ಲಿ 4 ಕಿ.ಮೀ.ಗೂ ಹೆಚ್ಚು ಅಗಲವಾಗಿ, ದಿಕ್ಕನ್ನೂ ವೇಗವನ್ನೂ ಬದಲಿಸಿತು. ಅದರಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಟಿಮ್ ಸಮರಾಸ್, ಅವರ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಇದ್ದರು. ಸಮರಾಸ್ ಸುಂಟರಗಾಳಿಗಳ ಅಧ್ಯಯನದಲ್ಲೇ ವರ್ಷಗಟ್ಟಲೆ ತೊಡಗಿದ್ದವರು. ಫೋನಿನ ರಾಡಾರ್ ನೋಡುತ್ತಾ ಕಾರಿನಲ್ಲಿ ತಪ್ಪಿಸಿಕೊಳ್ಳುವ ಯೋಜನೆ ಹಾಕುವವರು ಈ ಒಂದು ದಿನವನ್ನು ನೆನಪಿಟ್ಟುಕೊಂಡರೆ ಸಾಕು.

ಪರದೆ ಬಿಟ್ಟು ಏಳುವ ಹೊತ್ತು

ಅಮೆರಿಕದಲ್ಲಿ ಟಾರ್ನಾಡೊ ವಾಚ್ ಎಂದರೆ ವಾತಾವರಣ ಸುಂಟರಗಾಳಿಗೆ ಹದವಾಗಿದೆ ಎಂದು. ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಅದನ್ನು ಹೊರಡಿಸುತ್ತದೆ. ರಾಡಾರ್ ಆ್ಯಪ್ ತೆರೆದು, ಫೋನು ಚಾರ್ಜ್ ಮಾಡಿ, ಬೂಟು ಮತ್ತು ಟಾರ್ಚ್ ಹತ್ತಿರ ಇಟ್ಟುಕೊಳ್ಳುವ ಸಮಯ ಅದು. ಟಾರ್ನಾಡೊ ವಾರ್ನಿಂಗ್ ಅನ್ನು ಸ್ಥಳೀಯ ಹವಾಮಾನ ಕಚೇರಿ ನಕ್ಷೆಯ ಮೇಲೆ ಬಹುಭುಜಾಕೃತಿಯಾಗಿ ಎಳೆಯುತ್ತದೆ: ರಾಡಾರ್‌ನಲ್ಲಿ ತಿರುಗುವಿಕೆ ಕಂಡಿದೆ, ಇಲ್ಲವೇ ಸುಂಟರಗಾಳಿಯನ್ನೇ ಯಾರೋ ನೋಡಿದ್ದಾರೆ ಎಂದರ್ಥ. ನಿಮ್ಮ ಮನೆ ಆ ಆಕೃತಿಯೊಳಗೆ ಬಿದ್ದರೆ ನಿಮ್ಮ ಸ್ವಂತ ರಾಡಾರ್ ಓದಿಗೆ ಅಲ್ಲಿಗೆ ವಿರಾಮ. ಅದನ್ನು ಎಳೆದವರು ನೀವು ನೋಡುವ ಚಿತ್ರಗಳನ್ನೇ ಹಲವು ಕೋನಗಳಲ್ಲಿ ನೋಡಿದ್ದಾರೆ, ಜೊತೆಗೆ ರಸ್ತೆಯಲ್ಲಿ ನಿಂತ ವೀಕ್ಷಕರ ಮಾತನ್ನೂ ಕೇಳಿದ್ದಾರೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್‌ನಲ್ಲಿ 150ಕ್ಕೂ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಮಳೆಯಲ್ಲಿ ಮರೆಯಾಗಿ ಬಂದಿತ್ತು. ಅನಂತರ ಹವಾಮಾನ ಸೇವೆ ನಡೆಸಿದ ಪರಿಶೀಲನೆಯಲ್ಲಿ, ಬಹುಪಾಲು ನಿವಾಸಿಗಳು ಮೊದಲ ಎಚ್ಚರಿಕೆಗೇ ಆಶ್ರಯಕ್ಕೆ ಹೋಗದೆ ಇನ್ನೊಂದು ದೃಢೀಕರಣಕ್ಕಾಗಿ ಕಾದದ್ದು ಕಂಡುಬಂತು. ಕೈಯಲ್ಲಿರುವ ರಾಡಾರ್ ಇಂತಹ ಕಾಯುವಿಕೆಗೆ ಅತ್ಯಂತ ಅನುಕೂಲದ ನೆಪವಾಗಬಲ್ಲದು: ಇನ್ನೊಂದು ಚಿತ್ರ ಬರಲಿ, ಕೊಕ್ಕೆ ಇನ್ನೂ ಸ್ಪಷ್ಟವಾಗಲಿ ಎಂದು.

ನೆಲಮಾಳಿಗೆ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಕೆಳಗಿನ ಅಂತಸ್ತಿನ ನಡುಭಾಗದಲ್ಲಿ ಕಿಟಕಿಯಿಲ್ಲದ ಕೋಣೆಗೆ ಹೋಗಿ. ಮೊಬೈಲ್ ಹೋಮ್‌ನಲ್ಲಿ, ಅಂದರೆ ಸಾಗಿಸಬಹುದಾದ ಹಗುರ ಮನೆಯಲ್ಲಿ ಇರುವವರು ವಾಚ್ ಬಂದಾಗಲೇ ಗಟ್ಟಿ ಕಟ್ಟಡಕ್ಕೆ ಹೊರಡಬೇಕು. ಫೋನು ಜೊತೆಗಿರಲಿ. ಗಾಳಿ ಇಳಿದ ಮೇಲೆ ಬಾಗಿಲು ತೆಗೆಯುವ ಮೊದಲು ಎಚ್ಚರಿಕೆಯ ಅವಧಿ ಮುಗಿದಿದೆಯೇ ಎಂದು ನೋಡಿ, ಕೆಳಗಿನ ಕೋನದ ಚಿತ್ರವನ್ನು ತೆರೆದು, ಅದರ ವೇಳೆಯನ್ನು ಓದಿ, ನಿಮ್ಮ ನೈಋತ್ಯಕ್ಕೆ ಅದೇ ಹಾದಿಯಲ್ಲಿ ಇನ್ನೊಂದು ಗುಡುಗುಮೋಡ ಸಾಲಿನಲ್ಲಿ ನಿಂತಿದೆಯೇ ಎಂದು ಪರೀಕ್ಷಿಸಿ. ನಿಂತಿದ್ದರೆ ಎರಡು ಚಿತ್ರಗಳ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕಿ.